ಹೋಗುವ ಉತ್ಸಾಹ ಬರುವಾಗಲೂ ಇರಲಿ

ರಜೆಯ ದಿನ ಎಲ್ಲಿಗಾದರೂ ಹೋಗಿ ಬರೋಣ ಎಂಬ ಮಾತು ಮನೆಯಲ್ಲಿ ಎದ್ದಾಗ ಯಾವುದರ ಬಗ್ಗೆ ಚರ್ಚೆಯಾಗುತ್ತದೆ? ಎಲ್ಲಿಗೆ ಹೋಗುವುದು, ಎಷ್ಟು ಗಂಟೆಗೆ ಹೊರಡುವುದು, ಬುತ್ತಿಗೆ ಏನು ಮಾಡುವುದು, ಯಾರು ಯಾರು ಬರುತ್ತಾರೆ. ಮಕ್ಕಳಿಗಂತೂ ಹಿಂದಿನ ರಾತ್ರಿ ನಿದ್ದೆಯೇ ಬರುವುದಿಲ್ಲ. ಆದರೆ "ಸಂಜೆ ಹೇಗೆ ವಾಪಸ್ ಬರುವುದು?" ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಯಾರಾದರೂ ಕೇಳಿದರೂ "ಅಲ್ಲಿ ಹೋದ ಮೇಲೆ ನೋಡಿದರಾಯಿತು ಬಿಡಿ, ಎಷ್ಟೊಂದು ರೈಲುಗಳಿವೆ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಸಂಜೆ ನಿಲ್ದಾಣಕ್ಕೆ ಬಂದಾಗ ಆ ಉತ್ತರದ ಬೆಲೆ ತಿಳಿಯುತ್ತದೆ. ಬರುವ ರೈಲಿನ ಬಾಗಿಲಲ್ಲೇ ಜನ ನೇತಾಡುತ್ತಿರುತ್ತಾರೆ. ಮಗು ನಿದ್ದೆಗೆಟ್ಟು ಅಳುತ್ತಿರುತ್ತದೆ. ಅತ್ತೆಯವರಿಗೆ ಕಾಲು ನೋವು. ಬೆಳಿಗ್ಗೆಯಿಂದ ಸಂಜೆಯವರೆಗೆ ನಗುನಗುತ್ತಾ ಇದ್ದ ಕುಟುಂಬ ಕೊನೆಯ ಎರಡು ಮೂರು ಗಂಟೆಯಲ್ಲಿ ಒಬ್ಬರಿಗೊಬ್ಬರು ಸಿಡುಕುತ್ತಾ ಮನೆ ಸೇರುತ್ತದೆ. ಮರುದಿನ ನೆನಪಿನಲ್ಲಿ ಉಳಿಯುವುದು ಬೆಟ್ಟವೂ ಅಲ್ಲ, ಕೋಟೆಯೂ ಅಲ್ಲ, ಆ ರೈಲು. ಆದ್ದರಿಂದ ವಿಹಾರದ ಯೋಜನೆಯನ್ನು ಬೆಳಗಿನಿಂದಲ್ಲ, ಸಂಜೆಯಿಂದ ಹಿಂದಕ್ಕೆ ಹಾಕಿಕೊಳ್ಳಬೇಕು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ನೋಡೋಣ.

ನೋಡುವುದಕ್ಕೆ ಬೇಕಾದಷ್ಟಿದೆ

ಬೆಂಗಳೂರಿಗೆ ಹತ್ತಿರವಿದ್ದರೂ ಅನೇಕರು ಇನ್ನೂ ನೋಡದ ಪ್ರದೇಶವಿದು. ಮಧುಗಿರಿಯ ಬೆಟ್ಟ ಒಂದೇ ಬಂಡೆಯಿಂದಾದದ್ದು. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಅದಕ್ಕೆ ಹೆಸರಿದೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿರುವ ಇದರ ಮೇಲೆ ಸ್ಥಳೀಯ ಪಾಳೆಯಗಾರರು ಕೋಟೆ ಕಟ್ಟಿದರು. ನಂತರ ಹೈದರಲಿ ಅದನ್ನು ಬಲಪಡಿಸಿದನು. ಮೊದಲಿನ ಮೆಟ್ಟಿಲುಗಳು ಸುಲಭ. ಮೇಲೆ ಹೋದಂತೆ ಬಂಡೆಯಲ್ಲೇ ಕಡಿದ ಪಾವಟಿಗೆಗಳು, ಕಡಿದಾದ ಏರು. ಚಿಕ್ಕ ಮಕ್ಕಳು ಮತ್ತು ವಯಸ್ಸಾದವರು ಕೆಳಗಿನ ಬಾಗಿಲುಗಳವರೆಗೆ ಹೋಗಿ ನಿಲ್ಲುವುದೇ ಲೇಸು. ಇದೇ ತಾಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಿದೆ. ಸುಮಾರು 798 ಎಕರೆಯ ಈ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡು ಜಿಗಿಯುವುದನ್ನು ನೋಡಿದ ಮಕ್ಕಳು ಮೃಗಾಲಯದ ಪಂಜರವನ್ನು ಮರೆಯುತ್ತಾರೆ.

ಶಿರಾ ಇತಿಹಾಸದ ಊರು. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ 17ನೇ ಶತಮಾನದಲ್ಲಿ ಇದನ್ನು ಗೆದ್ದ ಬಳಿಕ ಮಲಿಕ್ ರಿಹಾನ್ ಇಲ್ಲಿನ ಆಡಳಿತ ನೋಡಿಕೊಂಡನು. ಅವನ ಸಮಾಧಿ ಇಂದಿಗೂ ಇದೆ. 1687ರಿಂದ 1757ರವರೆಗೆ ಶಿರಾ ಮೊಗಲರ ಒಂದು ಸುಬಾದ ರಾಜಧಾನಿಯಾಗಿತ್ತು. 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿಯ ಕಲ್ಲಿನ ಕೆಲಸವನ್ನು ನಿಂತು ನೋಡಬೇಕು. ಹೈದರಲಿಯ ತಂದೆ ಫತೇ ಮುಹಮ್ಮದ್ ಶಿರಾದ ಸುಬೇದಾರರ ಸೇವೆಯಲ್ಲಿದ್ದವನು. ಬೆಂಗಳೂರಿನ ಲಾಲ್‌ಬಾಗ್‌ಗೆ ಹೈದರಲಿಗೆ ಪ್ರೇರಣೆ ಸಿಕ್ಕಿದ್ದು ಶಿರಾದ ಖಾನ್ ಬಾಗ್ ತೋಟದಿಂದ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಲಾಲ್‌ಬಾಗ್ ಸುತ್ತಿದ ಮಕ್ಕಳಿಗೆ ಇದನ್ನು ಹೇಳಿ ನೋಡಿ, ಶಿರಾ ಅವರಿಗೆ ಹತ್ತಿರದ ಊರಾಗಿಬಿಡುತ್ತದೆ. ಹತ್ತಿರದಲ್ಲೇ ಕಗ್ಗಲಡು ಗ್ರಾಮವಿದೆ. ಬೇಸಿಗೆಯ ತಿಂಗಳುಗಳಲ್ಲಿ ಇಲ್ಲಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರೇ ಅವುಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ.

ಕೊರಟಗೆರೆಯಲ್ಲಿ ಚನ್ನರಾಯನದುರ್ಗದ ಕೋಟೆ, ಗಿಡಮೂಲಿಕೆಗಳಿಗೆ ಹೆಸರಾದ ಸಿದ್ದರಬೆಟ್ಟ ಮತ್ತು ತೀತಾ ಜಲಾಶಯ ಇವೆ. ಪಾವಗಡದ ಕೋಟೆಬೆಟ್ಟ ಹಳೆಯದು. ಅದೇ ತಾಲೂಕಿನ ತಿರುಮಣಿ ಸುತ್ತಿನ ಸೌರ ವಿದ್ಯುತ್ ಪಾರ್ಕ್ ಹೊಸದು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇದು ಸುಮಾರು 13,000 ಎಕರೆಯಲ್ಲಿ ಹರಡಿದ್ದು, 2,050 ಮೆಗಾವಾಟ್ ಸಾಮರ್ಥ್ಯ ಹೊಂದಿದೆ. ಮಳೆ ನಂಬಿ ಸೋತ ರೈತರು ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟು ಇದಕ್ಕೆ ಜಾಗ ಮಾಡಿಕೊಟ್ಟರು.

ಇಷ್ಟೆಲ್ಲಾ ಇದೆಯೆಂದು ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಡಬೇಡಿ. ತುಮಕೂರಿನಿಂದ ಕೊರಟಗೆರೆ ಸುಮಾರು 25 ಕಿಲೋಮೀಟರ್, ಮಧುಗಿರಿ 40ಕ್ಕಿಂತ ಸ್ವಲ್ಪ ಹೆಚ್ಚು, ಶಿರಾ ಸುಮಾರು 50, ಪಾವಗಡ ಸುಮಾರು 100. ಎಲ್ಲವನ್ನೂ ನೋಡಲು ಹೊರಟವರದು ಹೋದ ಪುಟ್ಟ ಬಂದ ಪುಟ್ಟ ಎಂಬ ಕಥೆಯಾಗುತ್ತದೆ. ಒಂದು ದಿನಕ್ಕೆ ಒಂದು ತಾಲೂಕು, ಹೆಚ್ಚೆಂದರೆ ಎರಡು ಸ್ಥಳ. ಸಂಜೆಯ ರೈಲು ತಪ್ಪುವುದು ಹೆಚ್ಚಾಗಿ ಮೂರನೆಯ ಸ್ಥಳದಿಂದಲೇ.

ರೈಲು ಎಲ್ಲಿ ಸಿಗುತ್ತದೆ?

ಇಲ್ಲಿಯೇ ಬಹಳ ಜನ ಲೆಕ್ಕ ತಪ್ಪುವುದು. ಈ ಊರುಗಳಿಂದ ಬೆಂಗಳೂರಿಗೆ ನೇರವಾಗಿ ರೈಲು ಹತ್ತಿ ಬರಬಹುದೆಂದು ತಿಳಿಯಬೇಡಿ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಮುಟ್ಟುವ 207 ಕಿಲೋಮೀಟರ್ ಉದ್ದದ ತುಮಕೂರು-ರಾಯದುರ್ಗ ಹೊಸ ಮಾರ್ಗ 2007-08ರಲ್ಲಿ ಮಂಜೂರಾಯಿತು. ಶಿರಾ ಮೂಲಕ ಹೋಗುವ ತುಮಕೂರು-ದಾವಣಗೆರೆ ಮಾರ್ಗಕ್ಕೆ 2011-12ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅಲ್ಲಿಂದ ಕೂಗಳತೆಯಲ್ಲಿರುವ ಈ ಊರುಗಳ ಜನ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಹೊಸ ಮಾರ್ಗಗಳು ಪೂರ್ತಿಯಾಗಿ ತೆರೆಯುವವರೆಗೆ ಬಸ್ಸು ಹಿಡಿದು ನಿಲ್ದಾಣಕ್ಕೆ ಬರುವುದು ತಪ್ಪುವುದಿಲ್ಲ.

ಶಿರಾ ಮತ್ತು ಕೊರಟಗೆರೆಗೆ ಹೋದವರಿಗೆ ತುಮಕೂರು ನಿಲ್ದಾಣವೇ ಅನುಕೂಲ. ಮಧುಗಿರಿಗೆ ಹೋದವರಿಗೆ ಇನ್ನೊಂದು ದಾರಿಯೂ ಇದೆ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಗೌರಿಬಿದನೂರಿಗೆ ಬಂದರೆ ಹಿಂದೂಪುರ ಕಡೆಯಿಂದ ಬೆಂಗಳೂರಿಗೆ ಬರುವ ರೈಲುಗಳು ಸಿಗುತ್ತವೆ. ಮೈದನಹಳ್ಳಿಗೆ ಹೋದವರಿಗಂತೂ ಇದೇ ಹತ್ತಿರ. ಪಾವಗಡದ ಮೂರು ಕಡೆ ಆಂಧ್ರದ ಗಡಿ. ಅಲ್ಲಿಂದ ಹಿಂದೂಪುರ ನಿಲ್ದಾಣಕ್ಕೆ ಬರುವವರೂ ಇದ್ದಾರೆ. ಯಾವ ನಿಲ್ದಾಣಕ್ಕೆ ಬರುತ್ತೀರೆಂಬುದನ್ನು ಮನೆ ಬಿಡುವ ಮೊದಲೇ ನಿರ್ಧರಿಸಿ. ಆ ದಿನದ ರೈಲುಗಳ ಸಮಯವನ್ನು 139ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ನೀವು ಹಿಡಿಯಬೇಕೆಂದಿರುವುದು ಕೊನೆಯ ರೈಲಾಗಿರಬಾರದು, ಅದರ ಹಿಂದೆ ಇನ್ನೊಂದು ಇರಬೇಕು.

ಭಾನುವಾರ ಸಂಜೆಯ ಗುಟ್ಟು

ಮಾಮೂಲಿ ದಿನ ಆರಾಮಾಗಿ ಕುಳಿತು ಬರುವ ರೈಲಿನಲ್ಲಿ ಭಾನುವಾರ ಸಂಜೆ ಕಾಲಿಡಲೂ ಜಾಗವಿರುವುದಿಲ್ಲ, ಏಕೆ? ವಿಹಾರಕ್ಕೆ ಬಂದವರಿಂದ ಮಾತ್ರ ಆದ ನೂಕಾಟವಲ್ಲ ಅದು. ಬೆಂಗಳೂರಿನಲ್ಲಿ ದುಡಿಯುವ, ಓದುವ ಸಾವಿರಾರು ಮಂದಿ ವಾರದ ಕೊನೆಗೆ ಊರಿಗೆ ಹೋಗಿರುತ್ತಾರೆ. ಸೋಮವಾರದ ಕೆಲಸಕ್ಕೆ ಅವರೆಲ್ಲಾ ಮರಳುವುದು ಅದೇ ಸಂಜೆ. ಹುಬ್ಬಳ್ಳಿ, ಶಿವಮೊಗ್ಗ, ಅರಸೀಕೆರೆ ಕಡೆಯ ರೈಲುಗಳು ತುಮಕೂರು ಮುಟ್ಟುವ ಹೊತ್ತಿಗೆ ತುಂಬಿ ತುಳುಕುತ್ತಿರುತ್ತವೆ. ಒಂದು ಜನರಲ್ ಬೋಗಿಯಲ್ಲಿರುವುದು ಹೆಚ್ಚೆಂದರೆ ನೂರು ಸೀಟು. ರೈಲು ನಿಲ್ಲುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಆರು ಮಂದಿಯ ಕುಟುಂಬ ಹತ್ತಬೇಕು.

ಸ್ವಾತಂತ್ರ್ಯ ದಿನವೋ ಈದ್ ರಜೆಯೋ ಶುಕ್ರವಾರ ಇಲ್ಲವೇ ಸೋಮವಾರ ಬಂದು ಮೂರು ದಿನ ಒಟ್ಟಿಗೆ ಸಿಕ್ಕರೆ ಈ ದಟ್ಟಣೆ ಇಮ್ಮಡಿಯಾಗುತ್ತದೆ. 2025ರಲ್ಲಿ ಆಗಸ್ಟ್ 15 ಶುಕ್ರವಾರವೇ ಬಂದಿತ್ತು. ಅಂಥ ವಾರಗಳಲ್ಲಿ ಕೊನೆಯ ದಿನದ ಸಂಜೆಯನ್ನು ಬಿಟ್ಟುಬಿಡಿ. ನಡುವಿನ ದಿನ ಹೋಗಿ ಅದೇ ದಿನ ಬನ್ನಿ. ಕೊನೆಯ ದಿನವೇ ಹೋಗಬೇಕಾದರೆ ಬೆಳಗಿನ ಜಾವ ಹೊರಟು ಮಧ್ಯಾಹ್ನದ ರೈಲಿಗೆ ಮರಳಿ. ಮಧುಗಿರಿಯ ಬಂಡೆ ಹತ್ತು ಗಂಟೆಗೆಲ್ಲಾ ಕಾಯತೊಡಗುತ್ತದೆ, ಬೇಗ ಹತ್ತಿ ಬೇಗ ಇಳಿಯುವುದರಲ್ಲಿ ಎರಡು ಲಾಭವಿದೆ. ಮಧ್ಯಾಹ್ನ ಹೊರಟರೆ ಮಗ್ರಿಬ್ ಹೊತ್ತಿಗೆ ಪ್ಲಾಟ್‌ಫಾರಂನಲ್ಲಿ ಪರದಾಡದೆ ಮನೆಯಲ್ಲಿರಬಹುದು.

ನೂಕುನುಗ್ಗಲು ಸಣ್ಣ ಸಂಗತಿಯಲ್ಲ

"ಸ್ವಲ್ಪ ತಳ್ಳಾಟ ತಾನೇ, ಹೇಗೋ ಹತ್ತಿದರಾಯಿತು" ಎನ್ನುವವರು ಎರಡು ಘಟನೆಗಳನ್ನು ನೆನಪಿಡಬೇಕು. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಕಾಲುಸೇತುವೆಯ ಮೇಲೆ ಕಾಲ್ತುಳಿತವಾಗಿ 23 ಜನ ಸತ್ತರು. 2025ರ ಫೆಬ್ರುವರಿ 15ರ ರಾತ್ರಿ ಹೊಸದಿಲ್ಲಿ ನಿಲ್ದಾಣದಲ್ಲಿ 18 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಹಿಳೆಯರೂ ಮಕ್ಕಳೂ ಇದ್ದರು. ಕಾಲುಸೇತುವೆಯ ಮೇಲೆ ಒಬ್ಬರ ತಲೆಯ ಮೇಲಿದ್ದ ದೊಡ್ಡ ಹೊರೆ ಬಿದ್ದು, ಅದರಿಂದ ಮೆಟ್ಟಿಲುಗಳ ಮೇಲೆ ಜನ ಎಡವಿ ಬಿದ್ದರು ಎಂದು ರೈಲ್ವೆ ಸಚಿವರು ನಂತರ ರಾಜ್ಯಸಭೆಗೆ ತಿಳಿಸಿದರು. ಒಂದು ಗಂಟು ಬಿದ್ದದ್ದು ಎಷ್ಟು ದೊಡ್ಡ ಅನಾಹುತಕ್ಕೆ ದಾರಿಯಾಯಿತು ನೋಡಿ.

ತುಮಕೂರೋ ಗೌರಿಬಿದನೂರೋ ದಿಲ್ಲಿಯಲ್ಲ, ನಿಜ. ಆದರೆ ಮೆಟ್ಟಿಲಿನ ಮೇಲೆ ಎಡವುವ ಕಾಲು ಎಲ್ಲೆಡೆ ಒಂದೇ. ಸೇತುವೆಯ ಮೇಲೆ, ಮೆಟ್ಟಿಲಿನ ಮೇಲೆ ನಿಂತು ಕಾಯಬೇಡಿ. ರೈಲು ಬಂತೆಂದು ಮಗುವನ್ನು ಎಳೆದುಕೊಂಡು ಓಡಬೇಡಿ. ಬುರ್ಖಾ, ಸೀರೆ, ದುಪಟ್ಟಾಗಳ ಅಂಚು ಕಾಲಿಗೆ, ಬಾಗಿಲಿನ ಹಿಡಿಗೆ ಸಿಕ್ಕಿಕೊಳ್ಳದಂತೆ ಮೊದಲೇ ಸರಿಪಡಿಸಿಕೊಳ್ಳಿ. ಹೊರಟ ರೈಲನ್ನು ಯಾವ ಕಾರಣಕ್ಕೂ ಹತ್ತಬೇಡಿ. ಹತ್ತಲಾಗದಷ್ಟು ಜನವಿದ್ದರೆ ಆ ರೈಲನ್ನು ಬಿಟ್ಟುಬಿಡಿ. ಒಂದು ಗಂಟೆ ತಡವಾಗಿ ಮನೆ ಸೇರಿದರೆ ಏನೂ ಹೋಗುವುದಿಲ್ಲ.

ರೈಲು ಬಿಟ್ಟರೆ ಬಸ್ಸಿದೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟಿನ ಖರ್ಚಿಲ್ಲ. ಗುರುತಿನ ಚೀಟಿ ಜೊತೆಗಿರಲಿ. 2024ರ ನವೆಂಬರ್‌ನಿಂದ ಬೆಂಗಳೂರಿನ ಮೆಟ್ರೋ ರೈಲು ತುಮಕೂರು ರಸ್ತೆಯ ಮಾದಾವರದವರೆಗೆ ಬರುತ್ತಿದೆ. ಬಸ್ಸು ಅಲ್ಲಿ ನಿಲ್ಲುತ್ತದೆಯೇ ಎಂದು ಕಂಡಕ್ಟರನ್ನು ಕೇಳಿ ಇಳಿದುಕೊಂಡರೆ ನಗರದೊಳಗಿನ ವಾಹನ ದಟ್ಟಣೆಯಿಂದ ಪಾರಾಗಬಹುದು.

ಟಿಕೆಟ್ ಕೊಳ್ಳುವಾಗ

ಕುಟುಂಬ ಸಮೇತ ಬರುವವರಿಗೆ ಅತ್ಯುತ್ತಮ ಉಪಾಯವೆಂದರೆ ವಾಪಸ್ ಬರುವ ರೈಲಿಗೆ ಎರಡನೇ ದರ್ಜೆಯ ಕೂರುವ ಸೀಟುಗಳನ್ನು ಮೊದಲೇ ಕಾಯ್ದಿರಿಸುವುದು. ಜನರಲ್ ಟಿಕೆಟಿಗಿಂತ ಇದಕ್ಕೆ ತಗಲುವ ಹೆಚ್ಚಿನ ಹಣ ಅಲ್ಪ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 60 ದಿನ. ರಜೆಯ ದಿನಾಂಕ ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಗೊತ್ತಿರುವುದರಿಂದ ಇದು ಕಷ್ಟದ ಕೆಲಸವಲ್ಲ. ಐದು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಬೇಡವೆಂದಾದರೆ ಟಿಕೆಟ್ ಬೇಕಿಲ್ಲ.

ವೇಟಿಂಗ್ ಲಿಸ್ಟ್ ಟಿಕೆಟ್ ನಂಬಿ ಬರಬೇಡಿ. ಇಂಟರ್‌ನೆಟ್‌ನಲ್ಲಿ ಪಡೆದ ಟಿಕೆಟ್ ಕೊನೆಯವರೆಗೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಕೌಂಟರಿನಲ್ಲಿ ಪಡೆದದ್ದಾದರೂ ಅದನ್ನು ಹಿಡಿದು ಕಾಯ್ದಿರಿಸಿದ ಬೋಗಿಯಲ್ಲಿ ಕೂರುವಂತಿಲ್ಲ. ಟಿ.ಟಿ. ದಂಡ ಹಾಕಬಹುದು, ಜನರಲ್ ಬೋಗಿಗೆ ಕಳಿಸಬಹುದು. ಜನಶತಾಬ್ದಿಯಂಥ ರೈಲುಗಳಲ್ಲಿ ಎಲ್ಲಾ ಸೀಟುಗಳೂ ಕಾಯ್ದಿರಿಸಿದವೇ ಆಗಿರುವುದರಿಂದ ಜನರಲ್ ಟಿಕೆಟ್ ಹಿಡಿದು ಅದನ್ನು ಹತ್ತಬಾರದು.

ಜನರಲ್ ಟಿಕೆಟ್ ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಲಿ. 199 ಕಿಲೋಮೀಟರಿನೊಳಗಿನ ಪಯಣಕ್ಕೆ ಬೆಳಿಗ್ಗೆ ಕೊಂಡ ಟಿಕೆಟ್ ಸಂಜೆಗೆ ನಡೆಯುವುದಿಲ್ಲ. ಕೊಂಡ ಮೂರು ಗಂಟೆಯೊಳಗೆ, ಇಲ್ಲವೇ ಆ ಊರಿಗೆ ಹೊರಡುವ ಮೊದಲ ರೈಲಿನಲ್ಲಿ ಪಯಣ ಆರಂಭಿಸಬೇಕು. ಹಾಗಾಗಿ ರೈಲಿಗಿಂತ ಒಂದು ಗಂಟೆ ಮೊದಲೇ ನಿಲ್ದಾಣದಲ್ಲಿರಿ. ಕೌಂಟರಿನ ಸಾಲು ಉದ್ದವಿದ್ದರೆ ಮೊಬೈಲಿನಲ್ಲಿ ರೈಲ್ವೆಯ ಆ್ಯಪ್ ಮೂಲಕವೂ ಜನರಲ್ ಟಿಕೆಟ್ ಪಡೆಯಬಹುದು.

ಎಲ್ಲರ ಟಿಕೆಟೂ ಮನೆಯ ಯಜಮಾನರ ಜೇಬಿನಲ್ಲೇ ಇರುವುದು ನಮ್ಮಲ್ಲಿ ರೂಢಿ. ಇದನ್ನು ಬದಲಿಸಿ. ಹೆಂಗಸರು, ಮಕ್ಕಳು ಒಂದು ಬಾಗಿಲಿನಿಂದ, ಗಂಡಸರು ಇನ್ನೊಂದರಿಂದ ಹತ್ತಬೇಕಾಗಿ ಬಂದರೆ ಟಿಕೆಟ್ ಒಂದು ಕಡೆ, ಪ್ರಯಾಣಿಕರು ಇನ್ನೊಂದು ಕಡೆ ಆಗುತ್ತಾರೆ. ಜನರಲ್ ಟಿಕೆಟನ್ನು ಎರಡು ಭಾಗವಾಗಿ ಕೊಂಡು, ಒಂದನ್ನು ಮನೆಯಾಕೆಯ ಕೈಗೆ ಕೊಡಿ. ಸ್ವಲ್ಪ ಹಣವೂ ಆಕೆಯ ಬಳಿ ಇರಲಿ.

ಮಹಿಳೆಯರಿಗೆ ಕಾನೂನಿನ ಆಸರೆ

ರೈಲಿನಲ್ಲಿ ಮಹಿಳೆಯರಿಗಾಗಿ ಪ್ರತ್ಯೇಕ ಕಂಪಾರ್ಟ್‌ಮೆಂಟ್ ಅಥವಾ ಸೀಟುಗಳನ್ನು ಮೀಸಲಿಡಬೇಕೆಂದು 1989ರ ರೈಲ್ವೆ ಕಾಯ್ದೆ ಹೇಳುತ್ತದೆ. ಹಲವು ರೈಲುಗಳಲ್ಲಿ ಗಾರ್ಡ್ ಬೋಗಿಗೆ ಹೊಂದಿಕೊಂಡಂತೆ ಮಹಿಳೆಯರ ಕಂಪಾರ್ಟ್‌ಮೆಂಟ್ ಇರುತ್ತದೆ. ಅದು ಎಲ್ಲಿ ನಿಲ್ಲುತ್ತದೆಂದು ನಿಲ್ದಾಣದ ಸಿಬ್ಬಂದಿಯನ್ನು ಮೊದಲೇ ಕೇಳಿ ಅಲ್ಲೇ ನಿಂತಿರಿ. ಅಲ್ಲಿ ಗಂಡಸರು ಕುಳಿತಿದ್ದರೆ ಎಬ್ಬಿಸಲು ಜಗಳವಾಡಬೇಕಿಲ್ಲ. 139ಕ್ಕೆ ಕರೆ ಮಾಡಿದರೆ ರೈಲ್ವೆ ಪೊಲೀಸರಿಗೆ ವಿಷಯ ಮುಟ್ಟುತ್ತದೆ.

ಇದೇ ಕಾಯ್ದೆಯಲ್ಲಿ ಇನ್ನೊಂದು ರಕ್ಷಣೆ ಇದೆ. ಗಂಡಸರ ಜೊತೆಯಿಲ್ಲದೆ ಒಬ್ಬಳೇ ಇರುವ ಮಹಿಳೆಯನ್ನು ಅಥವಾ ಒಂಟಿ ಮಗುವನ್ನು, ಸರಿಯಾದ ಟಿಕೆಟ್ ಇಲ್ಲವೆಂಬ ಕಾರಣಕ್ಕೆ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಆಕೆ ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ಮಾತ್ರ, ಅದೂ ಹಗಲು ಹೊತ್ತಿನಲ್ಲಿ ಮಾತ್ರ ಇಳಿಸಬಹುದು. ಟಿಕೆಟ್ ಇಲ್ಲದೆ ಹೋಗಲು ಇದು ಪರವಾನಗಿಯಲ್ಲ. ಆದರೆ ಜನರ ಒತ್ತಡಕ್ಕೆ ಸಿಕ್ಕಿ ಬೇರೆ ಬೋಗಿ ಸೇರಿದ ಹೆಣ್ಣುಮಗಳು ಕತ್ತಲಲ್ಲಿ ಗೊತ್ತಿಲ್ಲದ ಊರಿನಲ್ಲಿ ಇಳಿಯಬೇಕಾಗುತ್ತದೆಂದು ನಡುಗಬೇಕಿಲ್ಲ.

ಕೈ ತಪ್ಪಿದರೆ ಏನು ಮಾಡುವುದು?

ಹೊರಡುವ ಮೊದಲೇ ಮನೆಯವರೆಲ್ಲಾ ಕುಳಿತು ಒಂದು ಮಾತು ಆಡಿಕೊಳ್ಳಿ. ಕೆಲವರು ಹತ್ತಿ ಕೆಲವರು ಉಳಿದರೆ, ಹತ್ತಿದವರು ಹೆದರಿ ಚಲಿಸುವ ರೈಲಿನಿಂದ ಇಳಿಯಬಾರದು. ಯಶವಂತಪುರವೋ ಯಲಹಂಕವೋ, ಮೊದಲೇ ಗೊತ್ತು ಮಾಡಿದ ನಿಲ್ದಾಣದಲ್ಲಿ ಇಳಿದು ಟಿಕೆಟ್ ಕೌಂಟರಿನ ಬಳಿ ಕಾಯಬೇಕು. ಉಳಿದವರು ಮುಂದಿನ ರೈಲಿಗೆ ಬಂದು ಸೇರಿಕೊಳ್ಳಬೇಕು. ಹತ್ತುವಾಗ ಮೊದಲು ಒಬ್ಬ ದೊಡ್ಡವರು, ನಡುವೆ ಮಕ್ಕಳು ಮತ್ತು ಹಿರಿಯರು, ಕೊನೆಗೆ ಇನ್ನೊಬ್ಬ ದೊಡ್ಡವರು. ಮಗು ಹತ್ತಿ ತಾಯಿ ಕೆಳಗೆ ಉಳಿಯುವ ಪರಿಸ್ಥಿತಿ ಇದರಿಂದ ತಪ್ಪುತ್ತದೆ. ಹಾಗಾಗಿಯೇ ಬಿಟ್ಟರೆ ಸರಪಳಿ ಎಳೆಯಲು ಹಿಂಜರಿಯಬೇಡಿ. ಕಾರಣವಿಲ್ಲದೆ ಎಳೆಯುವುದು ಮಾತ್ರ ಅಪರಾಧ.

ಪ್ರತಿ ಮಗುವಿನ ಜೇಬಿನಲ್ಲಿ ಎರಡು ಫೋನ್ ನಂಬರುಗಳನ್ನು ಬರೆದ ಚೀಟಿ ಇರಲಿ. ಬೆಳಿಗ್ಗೆ ಹೊರಡುವಾಗ ಮಕ್ಕಳ ಒಂದು ಫೋಟೋ ತೆಗೆದಿಟ್ಟುಕೊಂಡರೆ ಅವರು ತೊಟ್ಟ ಬಟ್ಟೆಯ ಬಣ್ಣ ಹೇಳಲು ತಡವರಿಸಬೇಕಾಗುವುದಿಲ್ಲ. ಕಾಣೆಯಾದ ಮಗುವಿಗಾಗಿ 1098, ರೈಲಿನಲ್ಲಿ 139, ಎಲ್ಲೆಡೆ 112. ಈ ಮೂರು ಸಂಖ್ಯೆಗಳನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ. ದಿನವಿಡೀ ಫೋಟೋ ತೆಗೆದು ಸಂಜೆಗೆ ಮೊಬೈಲಿನ ಚಾರ್ಜ್ ಮುಗಿದಿದ್ದರೆ ಯಾವ ನಂಬರೂ ಉಪಯೋಗಕ್ಕೆ ಬಾರದು. ಒಂದು ಫೋನನ್ನು ಸಂಜೆಗೆಂದೇ ಉಳಿಸಿಡಿ.

ಭಾರ ಯಾರ ಮೇಲೆ?

ಕೊನೆಯದಾಗಿ, ಹೆಚ್ಚಾಗಿ ಯಾರೂ ಆಡದ ಒಂದು ಮಾತು. ವಿಹಾರದ ದಿನ ಎಲ್ಲರಿಗಿಂತ ಮೊದಲು ಏಳುವುದು ಮನೆಯ ಗೃಹಿಣಿ. ಬಿರಿಯಾನಿಯೋ ಚಿತ್ರಾನ್ನವೋ ಕಟ್ಟಿ, ಮಕ್ಕಳನ್ನು ತಯಾರು ಮಾಡಿ, ಮನೆಗೆ ಬೀಗ ಹಾಕಿ ಕೊನೆಗೆ ಹೊರಡುವುದೂ ಆಕೆಯೇ. ಸಂಜೆಯ ರೈಲಿನಲ್ಲಿ ನಿಂತಿರುವ ಆಕೆಯ ಒಂದು ತೋಳಿನಲ್ಲಿ ನಿದ್ದೆ ಹೋದ ಮಗು, ಇನ್ನೊಂದರಲ್ಲಿ ಖಾಲಿ ಪಾತ್ರೆಗಳ ಚೀಲ. ಶೌಚಾಲಯಕ್ಕೆ ಹೋಗಬೇಕಾದೀತೆಂದು ಎಷ್ಟೋ ಮಹಿಳೆಯರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಬಿಸಿಲಿನಲ್ಲಿ ಬೆಟ್ಟ ಹತ್ತಿದ ದಿನ ಇದರಿಂದ ತಲೆನೋವು, ಸುಸ್ತು, ಮೂತ್ರದ ಸೋಂಕು ಎಲ್ಲವೂ ಬರಬಹುದು. ಇದು ಆಕೆಯ ಸಂಕೋಚವೆಂದು ಸುಮ್ಮನಾಗದೆ, ರೈಲು ಹತ್ತುವ ಮೊದಲು ನಿಲ್ದಾಣದಲ್ಲಿ ಶೌಚಾಲಯಕ್ಕೆ ಸಮಯ ಉಳಿಯುವಂತೆ ದಿನವನ್ನು ಹೊಂದಿಸುವುದು ಗಂಡಸರ ಕರ್ತವ್ಯ.

ಆದ್ದರಿಂದ ಸಹೋದರರೇ, ಹೋಗುವಾಗ ಮಗುವನ್ನು ಎತ್ತಿಕೊಂಡವರು ಆಕೆಯಾದರೆ ಬರುವಾಗ ನೀವು ಎತ್ತಿಕೊಳ್ಳಿ. ಬುತ್ತಿಯನ್ನು ಬಿಸಾಡಬಹುದಾದ ಬಾಳೆ ಎಲೆ, ಮುತ್ತುಗದ ಎಲೆಯಲ್ಲಿ ಕಟ್ಟಿದರೆ ಚೀಲ ಹಗುರವಾಗುತ್ತದೆ. ದೊಡ್ಡ ಮಕ್ಕಳಿಗೆ ಅವರವರ ನೀರಿನ ಬಾಟಲಿ, ಅವರವರ ಚೀಲ. ಅಜ್ಜ ಅಜ್ಜಿಗೆ ಕೂರಲು ಜಾಗ ಸಿಗುವ ರೈಲನ್ನೇ ಆರಿಸಿ. ಮುಂದಿನ ರಜೆಗೆ ಕ್ಯಾಲೆಂಡರ್ ನೋಡುವಾಗ ಶಿರಾದ ಮಸೀದಿ, ಮಧುಗಿರಿಯ ಬೆಟ್ಟದ ಹೆಸರು ಬರೆಯುವ ಮೊದಲು ವಾಪಸ್ ಬರುವ ರೈಲಿನ ಸಮಯವನ್ನು ಬರೆದುಕೊಳ್ಳಿ. ಅದರ ಕೆಳಗೆ ಯಾರು ಯಾವ ಚೀಲ ಹೊರುತ್ತಾರೆಂಬುದನ್ನೂ ಬರೆಯಿರಿ.